ತೆಳು ಗುಲಾಬಿ

ಫೆಬ್ರವರಿ 2

ಇವತ್ತಿನಿಂದ ಹೊಸ ಗೋಡೆ. ಇಷ್ಟು ದೊಡ್ಡ ಗೋಡೆಗೆ ನಾನು ಎಂದೂ ಬಣ್ಣ ಹಚ್ಚಿಲ್ಲ. ಆಸ್ಪತ್ರೆಯ ಎರಡು ಕಟ್ಟಡಗಳನ್ನು ಸೇರಿಸುವ ಉದ್ದನೆಯ ಓಣಿ. ಒಂದು ಬದಿ ಪೂರ್ತಿ ಕಿಟಕಿ, ಇನ್ನೊಂದು ಬದಿ ಪೂರ್ತಿ ಗೋಡೆ. ಬೆಳಿಗ್ಗೆ ಬಿಸಿಲು ಗೋಡೆಯ ನೆತ್ತಿಯ ಮೇಲೆ ಬೀಳುತ್ತದೆ. ಹೊತ್ತೇರಿದ ಹಾಗೆ ನಿಧಾನವಾಗಿ ಕೆಳಗಿಳಿದು, ನೆಲಕ್ಕೆ ಬಂದು, ಕಿಟಕಿಯ ಕಡೆಗೇ ವಾಪಸು ಹೋಗುತ್ತದೆ. ಗೋಡೆಯ ತುಂಬ ತುಂಬಿದ್ದ ನೀರು ಮೆಲ್ಲಗೆ ಸೋರಿಹೋದ ಹಾಗೆ ಕಾಣುತ್ತದೆ.

ನಮ್ಮ ಇಡೀ ಪ್ರಾಂತ್ಯದ ನಕಾಶೆಯನ್ನು ಈ ಗೋಡೆಯ ಮೇಲೆ ಐದು ಸಲ ಬರೆಯಬೇಕು. ಬಾಯಿ, ಹೊಟ್ಟೆ, ಶ್ವಾಸಕೋಶ, ಗರ್ಭಕಂಠ, ಸ್ತನ. ಒಂದೊಂದು ಜಾಗದ ಕ್ಯಾನ್ಸರಿಗೆ ಒಂದೊಂದು ನಕಾಶೆ, ಒಂದೊಂದು ಬಣ್ಣ. ಎಲ್ಲಿ ಹೆಚ್ಚೋ ಅಲ್ಲಿ ಗಾಢ, ಎಲ್ಲಿ ಕಡಿಮೆಯೋ ಅಲ್ಲಿ ತೆಳು. ಅದನ್ನೆಲ್ಲ ಎಣಿಸುವ ಕಚೇರಿ ಓಣಿಯ ತುದಿಯಲ್ಲೇ ಇದೆ. ಅಲ್ಲಿಯ ಮುಖ್ಯಸ್ಥೆ ದಪ್ಪ ಕನ್ನಡಕದ ಹೆಂಗಸು. ಎಲ್ಲರೂ ಅವರನ್ನು ಲೆಕ್ಕದಮ್ಮ ಅನ್ನುತ್ತಾರೆ, ಅವರ ಎದುರಿಗೇ.

ನಮ್ಮ ಮೇಸ್ತ್ರಿ ಗೋಡೆಯನ್ನು ಒಮ್ಮೆ ತಟ್ಟಿ ನೋಡಿ, "ಮೌನರಾಯ, ಈ ಗೋಡೆ ನಿನಗೆ ಹೇಳಿ ಮಾಡಿಸಿದ ಹಾಗಿದೆ ನೋಡು. ಅದೂ ಮಾತಾಡಲ್ಲ, ನೀನೂ ಮಾತಾಡಲ್ಲ. ಇಬ್ಬರೂ ಸುಖವಾಗಿರಿ" ಅಂದರು.

ಲೆಕ್ಕದಮ್ಮ ನನ್ನನ್ನು ಏನೋ ಕೇಳಿದರು. ನಾನು ಏಣಿ ಹತ್ತಿಬಿಟ್ಟೆ.

ಫೆಬ್ರವರಿ 5

ಮೊದಲನೆಯದು ಬಾಯಿಯ ನಕಾಶೆ. ಅದಕ್ಕೆ ಇಟ್ಟಿಗೆ ಬಣ್ಣ. ಲೆಕ್ಕದಮ್ಮ ಒಂದು ಹಾಳೆ ಕೊಟ್ಟಿದ್ದಾರೆ. ಯಾವ ಊರಿಗೆ, ಪಟ್ಟಣದ ಯಾವ ಭಾಗಕ್ಕೆ, ಎಷ್ಟು ಗಾಢ ಎಂದು ಅದರಲ್ಲಿದೆ. ಹಾಳೆಯ ಮೇಲೆ ಬೆರಳಿಟ್ಟು ಹೇಳಿಯೂ ಕೊಟ್ಟರು.

"ನೋಡಪ್ಪ, ಲಕ್ಷ ಜನ ಒಂದು ಬಯಲಲ್ಲಿ ನಿಂತಿದ್ದಾರೆ ಅಂದ್ಕೊ. ಈ ವರ್ಷ ಅವರಲ್ಲಿ ಎಷ್ಟು ಜನಕ್ಕೆ ಹೊಸದಾಗಿ ಬಂತು? ಅದೇ ಈ ಬಣ್ಣ. ಮುದುಕರು ಜಾಸ್ತಿ ಇರೋ ಊರು, ಹುಡುಗರು ಜಾಸ್ತಿ ಇರೋ ಊರು, ಎರಡನ್ನೂ ಸರಿತೂಗಿಸಿಕೊಂಡೇ ಲೆಕ್ಕ ಹಾಕಿರೋದು. ಗೊತ್ತಾಯ್ತಾ?"

ತಲೆಯಾಡಿಸಿದೆ.

ಮೇಸ್ತ್ರಿ ಕೆಳಗೆ ನಿಂತು ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಬಣ್ಣ ಕಲಸುತ್ತಿದ್ದರು. ಲೆಕ್ಕದಮ್ಮ ಅವರ ಕಡೆ ತಿರುಗಿ, "ಮೇಸ್ತ್ರೀ, ಒಂಚೂರು ಬಾಯಿ ತೆಗೀರಿ. ಈ ಇಟ್ಟಿಗೆ ಬಣ್ಣ ಸರಿಯಾಗಿದೆಯಾ ಅಂತ ಹೋಲಿಸಿ ನೋಡ್ತೀನಿ" ಅಂದರು. ಮೇಸ್ತ್ರಿ ಕಿಟಕಿಯಾಚೆ ಉಗುಳಿ ಬಂದವರು ಸಂಜೆಯವರೆಗೂ ಬರೀ ನೀರು ಕುಡಿದರು.

ಮಧ್ಯಾಹ್ನ ಬಣ್ಣ ಹಚ್ಚುತ್ತ ಹಚ್ಚುತ್ತ ಆ ಬಯಲೇ ಕಣ್ಣ ಮುಂದೆ ಬಂತು. ಲಕ್ಷ ಜನ, ಯಾರ ಮುಖವೂ ಸ್ಪಷ್ಟವಿಲ್ಲ. ಎಲ್ಲರೂ ಬಸ್ಸಿಗೆ ಕಾಯುವವರ ಹಾಗೆ ಒಂದೇ ದಿಕ್ಕಿಗೆ ನೋಡುತ್ತಿದ್ದಾರೆ. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಸದ್ದಿಲ್ಲದೆ ಕೂತುಬಿಡುತ್ತಾರೆ. ಪಕ್ಕದವರಿಗೆ ಅದು ಗೊತ್ತೇ ಆಗುವುದಿಲ್ಲ. ಕುಂಚದಿಂದ ಹನಿ ಬಿದ್ದು ನನ್ನ ಕಾಲು ತಣ್ಣಗಾದಾಗಲೇ ಎಚ್ಚರವಾದದ್ದು.

ಫೆಬ್ರವರಿ 9

ಹೊಟ್ಟೆಯದೂ ಶ್ವಾಸಕೋಶದ್ದೂ ಅರ್ಧ ಆದವು. ಹೊಟ್ಟೆಗೆ ಅರಿಸಿನ, ಶ್ವಾಸಕೋಶಕ್ಕೆ ಬೂದಿನೀಲಿ. ಹೊಳೆಯ ದಂಡೆಯ ಊರುಗಳೆಲ್ಲ ಒಂದೇ ಬಣ್ಣಕ್ಕೆ ಬಂದಿವೆ. ಯಾಕೆ ಎಂದು ಲೆಕ್ಕದಮ್ಮನಿಗೂ ಗೊತ್ತಿಲ್ಲವಂತೆ. "ಗೊತ್ತಿಲ್ಲ ಅಂತ ಗೊತ್ತಾಗೋಕೇ ಇದನ್ನ ಬರೆಸ್ತಿರೋದು" ಅಂದರು. ಎಷ್ಟು ಯೋಚಿಸಿದರೂ ನನಗೆ ಅದು ಅರ್ಥವಾಗಲಿಲ್ಲ.

ಅಕ್ಕ ಇವತ್ತು ಮನೆ ಮುಂದಿನ ಇಸ್ತ್ರಿ ಅಂಗಡಿಯನ್ನು ಬೇಗ ಮುಚ್ಚಿದಳು. ತೋಳು ನೋವಂತೆ. ಇಸ್ತ್ರಿ ಪೆಟ್ಟಿಗೆ ಹಿಡಿಯುವವರಿಗೆ ಅದು ಇದ್ದದ್ದೇ.

ಫೆಬ್ರವರಿ 13

ಗುಲಾಬಿ ಬಣ್ಣದ ನಕಾಶೆ ಶುರು. ತಲೆಬರಹವನ್ನು ಮೊದಲು ಬರೆಯಬೇಕಿತ್ತು: ಸ್ತನ ಕ್ಯಾನ್ಸರ್. ಒಂದೊಂದು ಅಕ್ಷರವೂ ಮೊಳದುದ್ದ. ಅಂಗಡಿ ಬೋರ್ಡುಗಳ ಮೇಲೆ ಎಷ್ಟೋ ಅಕ್ಷರ ಬರೆದಿದ್ದೇನೆ, ಇದೊಂದಕ್ಕೆ ಕೈ ಮುಂದೆ ಹೋಗಲಿಲ್ಲ. ಓಣಿಯಲ್ಲಿ ದಿನವೆಲ್ಲ ಹೆಂಗಸರು ಓಡಾಡುತ್ತಾರೆ. ಬೇಕೆಂದೇ ಬಾಲದಿಂದ ಶುರುಮಾಡಿ 'ಕ್ಯಾನ್ಸರ್' ಬರೆದು ಮುಗಿಸಿದೆ. ಆಮೇಲೆ ಬೇರೆ ದಾರಿಯೇ ಉಳಿಯಲಿಲ್ಲ.

"ಏನೋ ಮೌನರಾಯ, ಕೆನ್ನೆಗೂ ಅದೇ ಬಣ್ಣ ಬಳ್ಕೊಂಡಿದ್ದೀಯಾ?" ಅಂತ ಮೇಸ್ತ್ರಿ ಕೆಳಗಿನಿಂದ ಕೂಗಿದರು.

ಆಗ ಹೋಗುತ್ತಿದ್ದ ಒಬ್ಬ ನರ್ಸು ನಿಂತು ಮೇಲೆ ನೋಡಿ, "ಚೆನ್ನಾಗಿ ಬರೆದಿದ್ದೀಯ ಕಣಪ್ಪ, ದೂರದಿಂದಲೂ ಕಾಣತ್ತೆ" ಅಂದು ಹೋದರು. ದೂರದಿಂದ ಕಾಣುವುದೇ ನನ್ನ ಕಷ್ಟ ಎಂದು ಅವರಿಗೆ ಹೇಗೆ ಗೊತ್ತಾಗಬೇಕು.

ಮನೆಗೆ ಬಂದರೆ ಅಕ್ಕ ಎಡಗೈಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಕಾಲರಿನ ತುದಿ ಮಡಿಚಿಕೊಂಡಿತ್ತು. ಅಕ್ಕನ ಕೈಯಲ್ಲಿ ಹಾಗೆ ಆಗುವುದನ್ನು ನಾನು ನೋಡಿಯೇ ಇರಲಿಲ್ಲ.

ಫೆಬ್ರವರಿ 16

ಗುಲಾಬಿಯಲ್ಲಿ ನಾಲ್ಕು ಬಗೆ. ಎಲ್ಲಕ್ಕಿಂತ ತೆಳುವಾದದ್ದಕ್ಕೆ ಒಂದು ಡಬ್ಬಿ ಬಿಳಿಗೆ ಒಂದೇ ಚಮಚ ಕೆಂಪು. ಕಲಸುವಾಗ ಕೆಂಪು ಬಳ್ಳಿಯ ಹಾಗೆ ಸುತ್ತಿ ಸುತ್ತಿ ಹೋಗಿ, ನೋಡುನೋಡುತ್ತಲೇ ಇಲ್ಲವಾಗುತ್ತದೆ. ಒಣಗಿದ ಮೇಲೆ ಬಿಳಿ ಗೋಡೆಗೂ ಅದಕ್ಕೂ ವ್ಯತ್ಯಾಸ ತಿಳಿಯಬೇಕಾದರೆ ಓರೆಯಾಗಿ ನಿಂತು ನೋಡಬೇಕು.

ಪಟ್ಟಣದ ನಡುವೆ, ದೊಡ್ಡ ಮನೆಗಳಿರುವ ಕಡೆ, ಕಡು ಗುಲಾಬಿ. ಇಟ್ಟಿಗೆ ಭಟ್ಟಿಗಳ ಹಿಂದಿನ ನಮ್ಮ ಬೀದಿಗಳಿಗೆ ಎಲ್ಲಕ್ಕಿಂತ ತೆಳು. ಹಾಳೆಯನ್ನು ಎರಡು ಸಲ ನೋಡಿದೆ. ಹೌದು, ತೆಳು. ನಮ್ಮ ಬೀದಿಗಳಿಗೆ ಬಣ್ಣ ಹಚ್ಚುವಾಗ ಹೊಸ ಕುಂಚ ತೆಗೆದುಕೊಂಡೆ.

ಅಕ್ಕನಿಗೆ ಹೇಳಿದೆ. ಅವಳು ಮಡಿಚುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು.

"ಹೆಂಗಸರದ್ದಾ? ಆ ಎದೇದಾ?"

"ಹೂಂ."

"ನಮ್ಮ ಬೀದೀಲಿ ಇಲ್ವೇ ಇಲ್ವಾ?"

"ಎಲ್ಲಕ್ಕಿಂತ ತೆಳು ಅಕ್ಕ. ನಾನೇ ಹಚ್ಚಿದ್ದು."

"ಲೆಕ್ಕ ಹಾಕಿದೋರು ಓದಿದೋರಾ?"

"ತುಂಬ ಓದಿದೋರು."

ಅಕ್ಕ ನಕ್ಕಳು. ಎಷ್ಟೋ ದಿನದ ಮೇಲೆ ಹಾಡಿಕೊಳ್ಳುತ್ತ ಕೆಲಸ ಮಾಡಿದಳು. ಇಸ್ತ್ರಿಯ ಆವಿ ದೀಪದ ಸುತ್ತ ತೇಲುತ್ತಿತ್ತು. ಬಿಸಿ ಬಟ್ಟೆಯ ವಾಸನೆಗೆ ಕೂತಲ್ಲೇ ತೂಕಡಿಕೆ ಬಂತು. ನನ್ನ ಕೆಲಸದ ಮಾತು ಯಾರನ್ನಾದರೂ ಇಷ್ಟು ಖುಷಿಪಡಿಸಿದ್ದು ಇದೇ ಮೊದಲು.

ಫೆಬ್ರವರಿ 24

ಅಕ್ಕ ಇವತ್ತು ಹೇಳಿದಳು. ನಾನು ಊಟಕ್ಕೆ ಕೂತಿದ್ದೆ, ಅವಳು ನನ್ನ ಹಿಂದೆ ನಿಂತಿದ್ದಳು. ಎದುರಿಗೆ ಬಂದಿದ್ದರೆ ಬಹುಶಃ ಹೇಳುತ್ತಿರಲಿಲ್ಲ.

"ಪುಟ್ಟಾ, ನನಗೆ ಒಂದು ಗಂಟಿದೆ. ಬಲಗಡೆ. ಕಂಕುಳ ಹತ್ರ ಅಂತಿಟ್ಕೊ. ನೋವೇನಿಲ್ಲ. ಬೇಸಿಗೆಯಿಂದ ಇದೆ."

ಬೇಸಿಗೆ ಎಂದರೆ ಹೋದ ಬೇಸಿಗೆ. ತುತ್ತು ಕೈಯಲ್ಲೇ ಉಳಿಯಿತು.

"ಹೆದರ್ಕೋಬೇಡ. ನನಗೂ ಹೆದರಿಕೆ ಇತ್ತು. ನೀನು ತೆಳು ಅಂದ ಮೇಲೆ ಹೋಯ್ತು. ನಮ್ಮ ಕಡೆ ಬರದೇ ಇರೋದು ನನಗೊಬ್ಬಳಿಗೆ ಯಾಕೆ ಬರತ್ತೆ? ಇದು ಬರೀ ಗಂಟು. ಅಮ್ಮನಿಗೂ ಕತ್ತಲ್ಲಿ ಇತ್ತು, ನೆನಪಿದೆಯಾ? ಸಾಯೋವರೆಗೂ ಹಾಗೇ ಇತ್ತು, ಏನೂ ಮಾಡಲಿಲ್ಲ."

ನಾನು ಹೌದು ಅಂದೆ. ನಿಜವಾಗಿಯೂ ಹೌದು ಅನ್ನಿಸಿತ್ತು. ಆ ಬಣ್ಣ ಸುಮ್ಮನೆ ಬಂದದ್ದಲ್ಲ. ಕಚೇರಿಯವರು ಆಸ್ಪತ್ರೆ ಆಸ್ಪತ್ರೆಗೆ ಹೋಗಿ, ಒಬ್ಬೊಬ್ಬರ ವಿಳಾಸ ನೋಡಿ, ಒಬ್ಬರೇ ಎರಡು ಸಲ ಬಂದಿದ್ದರೆ ಒಂದೇ ಸಲ ಎಣಿಸಿ ಮಾಡಿದ ಲೆಕ್ಕ ಅದು. ಅಕ್ಕನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು.

ಮಾರ್ಚ್ 1

ಬೆಳಗಿನ ಜಾವ ಒಂದು ಕನಸು. ಗೋಡೆ ನೆಲವಾಗಿತ್ತು. ನಾನು ಬರಿಗಾಲಲ್ಲಿ ನಕಾಶೆಯ ಮೇಲೆ ನಡೆಯುತ್ತಿದ್ದೆ. ಬಣ್ಣ ಇನ್ನೂ ಹಸಿ. ಪಟ್ಟಣದ ನಡುವೆ ಕಾಲು ಕಣಕಾಲಿನವರೆಗೆ ಗುಲಾಬಿಯಲ್ಲಿ ಹೂತುಹೋಗುತ್ತಿತ್ತು. ಅಲ್ಲಿ ಮನೆಗಳೆಲ್ಲ ಬಾಗಿಲು ತೆರೆದಿದ್ದವು, ಎಲ್ಲ ಕಡೆ ಮಾತು, ಪಾತ್ರೆಯ ಸದ್ದು. ನಡೆದು ನಡೆದು ನಮ್ಮ ಬೀದಿಗೆ ಬಂದೆ. ನೆಲ ಒಣಗಿತ್ತು, ಕಾಲಿಗೆ ಏನೂ ಅಂಟಲಿಲ್ಲ. ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಎಷ್ಟು ಪ್ರಶಾಂತ ಅಂದುಕೊಂಡೆ. ಆಮೇಲೆ ಒಂದೊಂದು ಬಾಗಿಲ ಹಿಂದೆಯೂ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ ಎಂದು ಗೊತ್ತಾಯಿತು.

ಎದ್ದಾಗ ಅಕ್ಕ ಆಗಲೇ ಒಲೆ ಹಚ್ಚಿದ್ದಳು. ಕನಸಿನ ಮಾತು ಎತ್ತಲಿಲ್ಲ.

ಮಾರ್ಚ್ 8

ಗರ್ಭಕಂಠದ್ದೂ ಮುಗಿಯುತ್ತ ಬಂತು. ಅದಕ್ಕೆ ಎಲೆಹಸಿರು. ಮೇಸ್ತ್ರಿ ಬೇರೆ ಅಂಗಡಿಯ ಬೋರ್ಡಿಗೆ ಹೋಗಿದ್ದಾರೆ, ನಾನೊಬ್ಬನೇ. ಮಧ್ಯಾಹ್ನದ ಓಣಿಯಲ್ಲಿ ಯಾರೂ ಇರುವುದಿಲ್ಲ. ಐದೂ ನಕಾಶೆಗಳನ್ನು ಒಟ್ಟಿಗೆ ನೋಡಿದರೆ ಒಂದೇ ಹಕ್ಕಿ ಐದು ಬಣ್ಣದಲ್ಲಿ ರೆಕ್ಕೆ ಚಾಚಿದ ಹಾಗಿದೆ.

ಅಕ್ಕ ದಿನಾ ಒಂದು ಸಲ ಕೇಳುತ್ತಾಳೆ, "ನಮ್ಮ ಬೀದಿ ಹೇಗಿದೆಯೋ?" ಅಂತ.

"ಹಾಗೇ ಇದೆ" ಅನ್ನುತ್ತೇನೆ.

"ಬಿಸಿಲಿಗೆ ಬಣ್ಣ ಏರಿಲ್ಲ ತಾನೇ?"

ಇಬ್ಬರೂ ನಗುತ್ತೇವೆ.

ಮಾರ್ಚ್ 15

ಇವತ್ತು ಲೆಕ್ಕದಮ್ಮ ಗುಲಾಬಿ ನಕಾಶೆಗೆ ಎರಡನೆಯ ಹಾಳೆ ತಂದರು. ಅದರ ಮೇಲೆ ಕೆಲವು ಜಾಗಗಳಿಗೆ ಪೆನ್ಸಿಲಿನಲ್ಲಿ ಓರೆ ಗೆರೆ ಎಳೆದಿತ್ತು.

"ಬಣ್ಣ ಒಣಗಿದೆ ತಾನೇ? ಗೆರೆ ಯಾವಾಗಲೂ ಕೊನೆಗೆ. ಈ ಜಾಗಗಳ ಮೇಲೆಲ್ಲ ಬೂದು ಬಣ್ಣದಲ್ಲಿ ಹೀಗೆ ಅಡ್ಡಡ್ಡ ಗೆರೆ ಎಳಿ. ಕೆಳಗೆ ಮೂಲೇಲಿ ಒಂದು ಚೌಕ ಮಾಡಿ, ಅದರ ಪಕ್ಕ ಬರಿ: ಮಾಹಿತಿ ಸಾಲದು."

ಹಾಳೆಯಲ್ಲಿ ಭಟ್ಟಿಗಳ ಹಿಂದೆ ನಮ್ಮ ಬೀದಿಗಳ ಮೇಲೆಯೂ ಗೆರೆ ಇತ್ತು. ಬಾಯಿಂದ ಮಾತು ತಾನಾಗಿ ಬಂತು.

"ಅಮ್ಮಾ, ಇಲ್ಲಿ ತೆಳು ಅಲ್ವಾ? ಇಲ್ಲಿ ಇಲ್ಲ ಅಂತ ಅಲ್ವಾ?"

ನನಗೆ ದನಿ ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲವೇನೋ. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಇಲ್ಲ ಅಂತ ಅಲ್ಲಪ್ಪ. ಅಲ್ಲಿಂದ ಯಾರೂ ಬಂದಿಲ್ಲ ಅಂತ. ಆಸ್ಪತ್ರೆಗೆ ಬಂದೋರನ್ನ ತಾನೇ ನಾವು ಎಣಿಸೋದು? ದೊಡ್ಡ ಮನೆ ಹೆಂಗಸರು ಚಿಕ್ಕ ಗಂಟಿದ್ದರೂ ಬರ್ತಾರೆ, ತೋರಿಸ್ತಾರೆ, ಎಣಿಕೆಗೆ ಸಿಗ್ತಾರೆ. ನಿಜವಾಗಲೂ ಅಲ್ಲಿ ಸ್ವಲ್ಪ ಜಾಸ್ತಿ ಇರಬಹುದು, ಇಲ್ಲ ಅನ್ನಲ್ಲ. ಆದರೆ ಇಂಥ ಕಡೆಯೋರು ಮನೇಲೇ ಇಟ್ಕೊಂಡು ಕೂತಿರ್ತಾರೆ. ಸತ್ತರೂ ಏನಿತ್ತು ಅಂತ ಯಾರೂ ಬರೆಸಲ್ಲ. ಅದಕ್ಕೇ ಗೆರೆ. ಇದು ಚೆನ್ನಾಗಿರೋ ಜಾಗ ಅಂತ ಜನ ತಪ್ಪು ತಿಳ್ಕೋಬಾರದು ನೋಡು."

ಅವರು ಹೋದರು. ನಾನು ಗೆರೆ ಎಳೆದೆ. ಬೇರೆ ಊರುಗಳ ಮೇಲೆ ನೆಟ್ಟಗೆ ಬಂದವು. ನಮ್ಮ ಬೀದಿಗಳ ಮೇಲೆ ಸೊಟ್ಟವಾದವು. ಅಳಿಸಿ, ಒಣಗಿಸಿ, ಮತ್ತೆ ಎಳೆದೆ. ಆಗಲೂ ಸೊಟ್ಟ.

ಮಾರ್ಚ್ 16

ಹೇಳಲಿಲ್ಲ.

ಮಾರ್ಚ್ 17

ಇವತ್ತೂ ಆಗಲಿಲ್ಲ. ಅವಳು ಕೇಳಿದಳು, "ಬೀದಿ ಹೇಗಿದೆಯೋ?" ಬಾಯಿ ತೆರೆದೆ. ಅಷ್ಟರಲ್ಲಿ ಬಟ್ಟೆ ಕೊಡಲು ಯಾರೋ ಬಂದರು. ಬಂದವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ನನ್ನ ಮೇಲೆಯೇ ಅಸಹ್ಯವಾಯಿತು.

ಮಾರ್ಚ್ 18

ಹೇಳಿದೆ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಆವತ್ತು ತೆಳು ಅಂದೆ. ಇವತ್ತು ಗೆರೆ ಅಂತೀಯ. ನಾಳೆ ಬಂದು ಚುಕ್ಕಿ ಅಂತೀಯಾ?"

"ಅಕ್ಕ, ತಪ್ಪು ತಿಳ್ಕೊಂಡಿದ್ದೆ. ಒಂದು ಸಲ ತೋರಿಸಿಕೊಂಡು ಬರೋಣ."

"ಏನಂತ ತೋರಿಸ್ಲಿ? ಯಾರಿಗೆ ತೋರಿಸ್ಲಿ? ಅಲ್ಲಿ ಗಂಡಸು ಡಾಕ್ಟ್ರು ಇದ್ರೆ?" ಅಂದಳು. ಆಮೇಲೆ ದನಿ ತಗ್ಗಿತು. "ಇದ್ರೂ ಇರಲಿ ಬಿಡೋ. ನನಗೆ ಗೊತ್ತಿಲ್ಲದೆ ಇದ್ರೇನೇ ವಾಸಿ. ಗೊತ್ತಾದ ಮೇಲೆ ಇಸ್ತ್ರಿ ಮಾಡೋಕೆ ಆಗತ್ತಾ ನನ್ನ ಕೈಲಿ?"

ಮೂರನೆಯ ಸಲ ಕೇಳಿದ್ದಕ್ಕೆ ಮಡಿಚಿದ ಶರ್ಟಿನಿಂದ ನನ್ನ ತಲೆಗೆ ಹೊಡೆದಳು. ಶರ್ಟು ಬಿಸಿಯಾಗಿತ್ತು. ಮತ್ತೆ ಅದನ್ನೇ ಇಸ್ತ್ರಿ ಮಾಡಬೇಕಾಯಿತು ಅಂತ ಅದಕ್ಕೂ ನನ್ನನ್ನೇ ಬೈದಳು.

ಮಾರ್ಚ್ 21

ಅಕ್ಕ ನನ್ನ ಕೆಲಸ ಎಂದೂ ನೋಡಿಲ್ಲ. ಯಾವಾಗ ನೋಡಿದರೂ ಅವಳ ಮುಂದೆ ಬಟ್ಟೆಯ ರಾಶಿ. ಇವತ್ತು ಅವಳಿಗೆ ಅಂದೆ, "ಗೋಡೆ ಮುಗೀತು. ನಾಡಿದ್ದು ಏಣಿ ತೆಗೀತಾರೆ. ಬಂದು ನೋಡು."

"ಮೋಸ ಮಾಡ್ತಿದ್ದೀಯ."

"ಹೂಂ, ಮಾಡ್ತಿದ್ದೀನಿ. ಆದ್ರೂ ಬಾ."

ಅವಳಿಗೆ ನಗು ತಡೆಯಲಾಗಲಿಲ್ಲ. ನಾನು ಹೀಗೆ ಎದುರುತ್ತರ ಕೊಡುವವನಲ್ಲ. ನಿದ್ದೆ ಸರಿಯಾಗಿಲ್ಲ, ಅದಕ್ಕೇ ಇರಬೇಕು.

ಮಾರ್ಚ್ 23

ಅಕ್ಕ ಬಂದಳು. ತಾನೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಮಡಿಕೆಗಳು ಕತ್ತಿಯ ಹಾಗಿದ್ದವು. ಬೆಳಗಿನ ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಅವಳು ಓಣಿಯ ಬಾಗಿಲಲ್ಲೇ ನಿಂತುಬಿಟ್ಟಳು.

"ಇಷ್ಟುದ್ದ ನೀನೊಬ್ಬನೇ ಮಾಡಿದ್ದಾ?"

"ಮೇಸ್ತ್ರಿಯೂ ಇದ್ರು."

"ಯಾಕೋ ಯಾವಾಗಲೂ ಅಷ್ಟು ಸಣ್ಣದಾಗಿ ಹೇಳ್ತೀಯ ಎಲ್ಲಾನೂ?"

ನಿಧಾನವಾಗಿ ನಡೆದಳು. ಇಟ್ಟಿಗೆ ಬಣ್ಣ, ಅರಿಸಿನ, ಬೂದಿನೀಲಿ, ಹಸಿರು. ಒಂದೊಂದರ ಬಣ್ಣವೂ ಅವಳ ಸೆರಗಿನ ಬಿಳಿಯ ಮೇಲೆ ಬಿದ್ದು, ಅವಳು ಮುಂದೆ ಸರಿದ ಹಾಗೆ ಬದಲಾಗುತ್ತಿತ್ತು. ಗುಲಾಬಿಯ ಹತ್ತಿರ ನಿಂತು, ಹೊಳೆ ಹುಡುಕಿ, ಭಟ್ಟಿ ಹುಡುಕಿ, ನಮ್ಮ ಬೀದಿಗಳ ಮೇಲೆ ಅಂಗೈ ಇಟ್ಟಳು. ಅವಳ ಅಂಗೈಗೆ ಅಷ್ಟೂ ಬೀದಿಗಳು ಮುಚ್ಚಿಹೋದವು.

"ಈ ಗೆರೆ ಯಾಕೆ ಸೊಟ್ಟ ಇದೆ? ಬೇರೆಯವೆಲ್ಲ ನೆಟ್ಟಗಿವೆಯಲ್ಲ."

ಅವಳು ನನ್ನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಕೈ ತೆಗೆದಳು.

ಅಷ್ಟರಲ್ಲಿ ಲೆಕ್ಕದಮ್ಮ ಕಚೇರಿಯಿಂದ ಹೊರಗೆ ಬಂದರು. "ಇವರು ಯಾರಪ್ಪ?" ಎಂದು ಕೇಳಿದರು. ಓಣಿಯಲ್ಲಿ ಜನ ಇದ್ದರು. ಗಾಲಿಕುರ್ಚಿ ತಳ್ಳಿಕೊಂಡು ಹೋಗುವವರು, ಬೆಂಚಿನ ಮೇಲೆ ಕೂತವರು.

"ನಮ್ಮಕ್ಕ. ಅವಳ ಸ್ತನದಲ್ಲಿ ಗಂಟಿದೆ. ಹೋದ ಬೇಸಿಗೆಯಿಂದ ಇದೆ. ಭಟ್ಟಿ ಹಿಂದಿನ ಬೀದಿಯವರು ನಾವು. ಯಾರಿಗೆ ತೋರಿಸಬೇಕು?"

ಗೋಡೆಗೆ ಬಡಿದು ಮಾತು ವಾಪಸು ಬಂತು. ಬೆಂಚಿನವರು ತಿರುಗಿ ನೋಡಿದರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು, "ಇನ್ನೂ ಸ್ವಲ್ಪ ಜೋರಾಗಿ ಹೇಳೋ, ರಸ್ತೇಲಿ ಹೋಗೋ ಬಸ್ಸಿನೋರಿಗೆ ಕೇಳಿಸಲಿಲ್ಲ" ಅಂದಳು.

ಲೆಕ್ಕದಮ್ಮ ನಗಲಿಲ್ಲ. ಅಕ್ಕನ ಮೊಣಕೈ ಹಿಡಿದುಕೊಂಡರು. "ಬಾಮ್ಮ. ಒಳಗೆ ನೋಡೋದು ಹೆಂಗಸು ಡಾಕ್ಟರೇ. ನಾನೂ ಜೊತೆಗೆ ಬರ್ತೀನಿ."

ಇಬ್ಬರೂ ಓಣಿಯ ತುದಿಯವರೆಗೆ ನಡೆದು ಹೋದರು. ಅಕ್ಕ ತಿರುಗಿ ನೋಡಲಿಲ್ಲ. ನೋಡುತ್ತಾಳೆಂದು ನಾನು ಅಲ್ಲೇ ನಿಂತಿದ್ದೆ.

ಮಾರ್ಚ್ 31

ಅದೇ ಅಂತೆ.

ಏಪ್ರಿಲ್ 2

ಅಕ್ಕ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಬಟ್ಟೆಗಳೆಲ್ಲ ಹಾಗೇ ಬಿದ್ದಿದ್ದವು. ಇವತ್ತು ಬೆಳಿಗ್ಗೆ ಎದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಇಸ್ತ್ರಿ ಮಾಡಿ ಮುಗಿಸಿದಳು. ಎಡಗೈ, ಬಲಗೈ, ಎರಡರಲ್ಲೂ. ಕೊನೆಯ ಬಟ್ಟೆ ಮಡಿಚಿಟ್ಟು, "ಯಾವತ್ತು ಅಂದ್ರು ಆಪರೇಷನ್ನು?" ಎಂದು ಕೇಳಿದಳು.

ನಾನು ತೆಳು ಅನ್ನದೇ ಇದ್ದಿದ್ದರೆ ಅವಳು ಫೆಬ್ರವರಿಯಲ್ಲೇ ಬರುತ್ತಿದ್ದಳೋ ಏನೋ. ಇದನ್ನು ಬರೆದು ಒಂದು ಸಲ ಓದಿದೆ. ಅಳಿಸಬೇಕು ಅನ್ನಿಸಿತು. ಅಳಿಸಲಿಲ್ಲ.

ಏಪ್ರಿಲ್ 10

ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಒಳಗೆ ಬಿಟ್ಟರು. ಅಕ್ಕ ಹಾಸಿಗೆಯಲ್ಲಿ ಚಿಕ್ಕವಳಾಗಿ ಕಂಡಳು. ಹೊದಿಕೆಯನ್ನೇ ನೋಡುತ್ತಿದ್ದಳು.

"ಏನು ಬೇಕು ಅಕ್ಕ?"

"ಈ ಹೊದಿಕೆಗೆ ಇಸ್ತ್ರಿ ಮಾಡಿದೋರು ಯಾರೋ? ಹೀಗಾ ಮಾಡೋದು?"

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ತುಂಬ ಹೊತ್ತು ಕೂತಿದ್ದೆ. ಬಿಸಿಲು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಹೋಗುತ್ತಿತ್ತು. ನಾನೂ ಅದರ ಜೊತೆ ಒಂದೊಂದೇ ಮೆಟ್ಟಿಲು ಕೆಳಗೆ ಸರಿದೆ.

ಏಪ್ರಿಲ್ 16

ಅಂಗಡಿ ನಡೆಸುತ್ತಿರುವವನು ನಾನೇ. ಅಕ್ಕ ಮನೆಯೊಳಗೆ ಗೋಡೆಗೆ ಒರಗಿ ಕೂತು ಅಲ್ಲಿಂದಲೇ ಹೇಳುತ್ತಾಳೆ. "ಮೊದಲು ಕಾಲರು. ಆಮೇಲೆ ತೋಳು. ಬೆನ್ನು ಕೊನೆಗೆ. ಏನು ಸುಟ್ಟ ವಾಸನೆ?"

"ಏನಿಲ್ಲ."

"ಯಾರದ್ದು?"

"ಮೇಸ್ತ್ರೀದು."

"ಸದ್ಯ, ಅವರಿಗೆ ಬಣ್ಣದ ಕಲೆ ಅಂತ ಹೇಳಬಹುದು."

ಸಂಜೆ ಬಟ್ಟೆ ತೆಗೆದುಕೊಳ್ಳಲು ಬಂದ ಎದುರುಮನೆಯ ಹೆಂಗಸು ಅಕ್ಕನ ಬಗ್ಗೆ ಕೇಳಿದರು. ಹೇಳಿದೆ. ಅವರು ಬಟ್ಟೆ ಅಲ್ಲೇ ಬಿಟ್ಟು, "ಒಳಗೆ ಹೋಗಿ ಅವಳನ್ನ ಒಂದು ಮಾತು ಕೇಳಬೇಕು" ಅಂದರು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಹೊರಗೆ ಎರಡು ಶರ್ಟು ಮುಗಿಸುವವರೆಗೂ ಅವರು ಬರಲಿಲ್ಲ.

ಏಪ್ರಿಲ್ 25

ಇವತ್ತು ರಿಪೋರ್ಟು ಬರುವ ದಿನ. ಕಂಕುಳಿನಿಂದ ತೆಗೆದ ಗ್ರಂಥಿಗಳಲ್ಲಿ ಹರಡಿದೆಯೋ ಇಲ್ಲವೋ ಎಂದು ಅದರಲ್ಲಿ ತಿಳಿಯುತ್ತದೆ ಅಂದಿದ್ದರು. ಅಕ್ಕ ಒಳಗೆ ಬರಲು ಒಪ್ಪಲಿಲ್ಲ. "ನೀನು ಕೇಳಿಕೊಂಡು ಬಾ. ನನಗೆ ನಿನ್ನ ಬಾಯಿಂದ ಕೇಳಿದ್ರೆ ಸಾಕು" ಎಂದು ಓಣಿಯ ಬೆಂಚಿನ ಮೇಲೆ ಕೂತಳು.

ಡಾಕ್ಟರಮ್ಮ ಹಾಳೆ ನೋಡಿ ಹೇಳಿದರು, "ಎರಡರಲ್ಲಿ ಇದೆ. ಉಳಿದವು ಶುದ್ಧವಾಗಿವೆ. ಔಷಧಿ ಶುರುಮಾಡಬೇಕು, ಸುಲಭ ಇರಲ್ಲ. ಕೂದಲು ಹೋಗತ್ತೆ, ಸುಸ್ತಾಗತ್ತೆ. ಆದರೆ ಮಾಡೋದಕ್ಕೆ ಏನೂ ಉಳಿದಿಲ್ಲ ಅನ್ನೋ ಸ್ಥಿತಿ ಅಲ್ಲ ಇದು."

ನಾನು ಏಳಲಿಲ್ಲ. ಕೇಳಬೇಕಾದದ್ದು ಒಂದು ಉಳಿದಿತ್ತು.

"ಡಾಕ್ಟ್ರೇ, ಫೆಬ್ರವರಿಲೇ ಬಂದಿದ್ರೆ ಆ ಎರಡು ಇರ್ತಿರಲಿಲ್ವಾ?"

"ಯಾಕೆ, ಫೆಬ್ರವರಿಲಿ ಏನಾಯ್ತು?"

ಹೇಳಿದೆ. ಬಣ್ಣದ್ದು, ಬೀದಿಯದ್ದು, ನಾನು ಅಕ್ಕನಿಗೆ ಹೇಳಿದ್ದು, ಎಲ್ಲವನ್ನೂ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

"ಲಕ್ಷ ಜನರ ಬಗ್ಗೆ ಕೇಳಿದರೆ ನಮ್ಮ ಲೆಕ್ಕದಮ್ಮ ಹೇಳ್ತಾರೆ. ನಿಮ್ಮಕ್ಕ ಒಬ್ಬರ ಬಗ್ಗೆ ಕೇಳಿದರೆ ಅವರೂ ಹೇಳಲಾರರು, ನಾನೂ ಹೇಳಲಾರೆ. ಇರ್ತಿತ್ತು ಅಂದರೂ ಸುಳ್ಳಾಗಬಹುದು, ಇರ್ತಿರಲಿಲ್ಲ ಅಂದರೂ ಸುಳ್ಳಾಗಬಹುದು. ಅದು ನಿನಗೆ ಯಾವತ್ತೂ ಗೊತ್ತಾಗಲ್ಲಪ್ಪ. ಮುಂದಿನ ಸೋಮವಾರ ಬೆಳಿಗ್ಗೆ ಕರ್ಕೊಂಡು ಬಾ. ಅದು ಮಾತ್ರ ನಿನ್ನ ಕೈಲಿದೆ."

ಹೊರಗೆ ಬಂದು ಅಕ್ಕನ ಪಕ್ಕ ಕೂತು ಎಲ್ಲ ಹೇಳಿದೆ. ಎರಡು ಎಂದು ಹೇಳಿದೆ. ಕೂದಲಿನದ್ದೂ ಹೇಳಿದೆ. ಫೆಬ್ರವರಿಯದ್ದೂ ಹೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತ ಕೂತಿದ್ದಳು.

"ನಾನು ಒಂದು ವರ್ಷ ಮುಚ್ಚಿಟ್ಕೊಂಡಿದ್ದೆ. ಅದರಲ್ಲಿ ನಿನ್ನದು ಎಷ್ಟೋ? ಎಲ್ಲಾ ನಂದೇ ಅಂತ ಹೊತ್ಕೋಬೇಡ. ನನಗೂ ಸ್ವಲ್ಪ ಬಿಡು."

ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಅವಳ ಬಲತೋಳಿನ ಕೆಳಗೆ ದಿಂಬು ಇಟ್ಟೆ. ಬಿಸಿಲಿಗೆ ಅವಳು ಕಣ್ಣು ಮುಚ್ಚಿಕೊಂಡಳು. ಮಲಗಿದಳು ಅಂದುಕೊಂಡೆ.

"ಏನಾದ್ರೂ ಮಾತಾಡೋ" ಅಂದಳು. "ಸುಮ್ನೆ ಕೂತ್ರೆ ತಲೆ ಎಲ್ಲೆಲ್ಲೋ ಹೋಗತ್ತೆ."

ಕಿಟಕಿಯಾಚೆ ಕಂಡದ್ದನ್ನೇ ಹೇಳಿದೆ. ಒಬ್ಬರು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾರೆ. ಹಸಿರು ಬಾಗಿಲ ಮನೆಯ ಮುಂದೆ ಒಬ್ಬ ಅಜ್ಜಿ ಕುರ್ಚಿಯ ಮೇಲೆ ಕೂತು ಪಕ್ಕದ ಖಾಲಿ ಕುರ್ಚಿಯ ಜೊತೆ ಮಾತಾಡುತ್ತಿದ್ದಾಳೆ. ಒಂದು ಬೀದಿಯಲ್ಲಿ ನಲ್ಲಿಯ ಹತ್ತಿರ ಹೆಂಗಸರೆಲ್ಲ ಒಂದೇ ಸಲ ನಕ್ಕರು, ಯಾಕೆಂದು ಗೊತ್ತಿಲ್ಲ. ಒಬ್ಬ ಗಂಡಸು ತನ್ನ ಸೈಕಲ್ಲನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗುತ್ತಿದ್ದಾನೆ. ಈ ಜಾಗಗಳಿಗೆಲ್ಲ ನಾನೇ ಬಣ್ಣ ಹಚ್ಚಿದ್ದೆ. ಯಾವುದಕ್ಕೆ ಯಾವ ಬಣ್ಣ ಎಂದು ಒಂದು ಸಲವೂ ನೆನಪಾಗಲಿಲ್ಲ.

"ಆ ಅಜ್ಜಿ ಸೀರೆ ಇಸ್ತ್ರಿ ಮಾಡಿದ್ದಾ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇಲ್ಲ."

"ಎಲ್ಲಿ ಇಳಿಯಬೇಕು ಅಂತ ಗುರುತಿಟ್ಕೊ. ಗಿರಾಕಿ ಸಿಗ್ತಾಳೆ."

ಮುಂದಿನ ಸೀಟಿನವರು ತಿರುಗಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಟಿಕೆಟ್ ಕೊಡುವವರೂ ಬಂದು ಕಂಬಿ ಹಿಡಿದು ನಿಂತರು. ಭಟ್ಟಿಗಳು ಬಂದವು, ನಮ್ಮ ನಿಲ್ದಾಣ ಬಂತು. ಅಕ್ಕನಿಗೆ ನಿಜವಾಗಿಯೂ ನಿದ್ದೆ ಹತ್ತಿತ್ತು. ಅವಳನ್ನು ಎಬ್ಬಿಸಿ ಇಳಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಬೇಕು. ಎದುರುಮನೆಯವರೂ ಬರುತ್ತಾರಂತೆ.

ದನಿ ಕೂತುಹೋಗಿದೆ. ಬಿಸಿಲಿಗಿರಬೇಕು.